ನಚಾಗಬ ಸೆಂಗಾ ತೂಕ ಇಳಿಸಿದ್ದಕ್ಕೆ ಸಿಕ್ಕ ಮರ್ಯಾದೆ

ಮಸಾಕದ ನ್ಯೆಂಡೊ ಪೇಟೆಯಲ್ಲಿ ಹೆಂಗಸರ ಹಬ್ಬದುಡುಗೆ ಗೊಮೆಸಿ ಹೊಲಿಯುವ ನಚಾಗಬ ಅಂದರೆ ಅವಳ ಗೆಳತಿಯಾದ ನನಗೆ ಪ್ರಾಣ. ಅವಳನ್ನು ಸ್ವಂತ ತಮ್ಮನ ಮನೆಯವರೇ ನಡೆಸಿಕೊಂಡ ರೀತಿ ನೆನೆದರೆ ಮೈ ಉರಿಯುತ್ತೆ, ಅದಕ್ಕೇ ಬರೀತಿದ್ದೇನೆ. ಯಾರ ಹೆಸರೂ ಮುಚ್ಚಿಡಲ್ಲ.

ಎರಡು ವರ್ಷದ ಹಿಂದೆ ಅವಳು ನೂರಾಎಂಟು ಕಿಲೋ ಇದ್ದಳು. ಹೆಣ್ಣು ಅಂದರೆ ಹಾಗಿರಬೇಕು ಅಂತ ಊರೇ ಹೊಗಳುತ್ತಿತ್ತು. ಆಮೇಲೆ ಎದೆಬಡಿತ ತಾಳ ತಪ್ಪಿತು. ನಾಲ್ಕು ಬಡಿತ ಒಟ್ಟಿಗೇ ಬರುವುದು, ಮತ್ತೆ ಒಂದೂ ಇಲ್ಲ. ಡಾಕ್ಟರಮ್ಮ ಗುಳಿಗೆ ಕೊಟ್ಟು, ಬರೀ ಇದನ್ನೇ ನಂಬಬೇಡ, ನೂರಕ್ಕೆ ಹತ್ತು ಪಾಲಾದರೂ ತೂಕ ಇಳಿಸು, ಮೆಲ್ಲಗೆ ಇಳಿಸು, ಉಪವಾಸ ಮಾತ್ರ ಬೀಳಬೇಡ ಅಂದರು.

ಇಳಿಸಿದಳು ಕಣ್ರೀ. ತಟ್ಟೆಯಲ್ಲಿ ಗುಡ್ಡದಷ್ಟಿರುತ್ತಿದ್ದ ಮಟೋಕೆ, ಅಂದರೆ ಬೇಯಿಸಿದ ಬಾಳೆಕಾಯಿ, ಒಂದು ಹಿಡಿಗೆ ಬಂತು. ಜಾಗ ತುಂಬಿದ್ದು ಹುರುಳಿ, ಸೊಪ್ಪು. ಸೋಡ, ಬಿಯರು, ಚಹಾದ ಸಕ್ಕರೆ ಬಂದ್. ದಿನಾ ಬೆಳಿಗ್ಗೆ ಗುಡ್ಡ ಹತ್ತಿ ಇಳಿಯುವುದು, ಏದುಸಿರು ಬಂದರೆ ಕೂರುವುದು. ಒಂದೂವರೆ ವರ್ಷಕ್ಕೆ ಹದಿನೈದು ಕಿಲೋ ಹೋಯಿತು. ವಾರಕ್ಕೆರಡು ಸಲ ಹಾರುತ್ತಿದ್ದ ಎದೆ ತಿಂಗಳಿಗೊಮ್ಮೆ ಹಾರಿದರೆ ಹೆಚ್ಚು.

ಆದರೆ ಮಸಾಕದಲ್ಲಿ ಮೈ ಇಳಿದರೆ ಜನಕ್ಕೆ ನೆನಪಾಗುವುದು ಒಂದೇ ಕಾಯಿಲೆ. ಅಜ್ಜಿಯರ ಕಾಲದಲ್ಲಿ ಮನೆ ಮನೆಯನ್ನೇ ಖಾಲಿ ಮಾಡಿತ್ತಲ್ಲ, ಆ ಏಡ್ಸ್. ಅವಳ ಹತ್ತಿರ ಅಳತೆ ಕೊಡುತ್ತಿದ್ದ ಹೆಂಗಸರು ಪಕ್ಕದ ಅಂಗಡಿಗೆ ಹೋದರು. ಅದನ್ನೂ ನುಂಗಿಕೊಂಡಳು.

ನುಂಗಲಾಗದ್ದು ಪ್ರಾಸಿಯ ವಿಷಯ. ಪ್ರಾಸಿ ಅವಳ ತಮ್ಮ ಕಿಜಿಟೋನ ಮಗಳು, ನಚಾಗಬಳ ಮಡಿಲಲ್ಲೇ ಬೆಳೆದವಳು. ಗಂಡಿನ ಕಡೆಯವರು ಬಂದು ಹೆಣ್ಣು ಕೇಳುವ ದಿನ, ಅಷ್ಟು ಜನರ ನಡುವೆ ಹೋಗಿ ಇವನೇ ನಮ್ಮ ಹುಡುಗ ಅಂತ ಗುರುತಿಸಿ ಅವನ ಅಂಗಿಗೆ ಹೂ ಚುಚ್ಚಬೇಕಾದವಳು ಸೆಂಗಾ, ಅಂದರೆ ಸೋದರತ್ತೆ. ಆ ದಿನಕ್ಕಾಗಿಯೇ ಇವಳು ಬದುಕಿದ್ದಳು ಅಂದರೂ ತಪ್ಪಲ್ಲ.

ಅದರ ಹಿಂದಿನ ವಾರ ಕಿಜಿಟೋನ ಹೆಂಡತಿ ನಲುಬೋವ ಅಂಗಡಿಗೆ ಬಂದಳು. ಕೈಯಲ್ಲಿ ಮೂರು ದಪ್ಪ ಕಿಕೋಯಿ. ಸೊಂಟ ತುಂಬಿ ಕಾಣಲಿ ಅಂತ ಗೊಮೆಸಿಯ ಒಳಗೆ ಸುತ್ತುವ ಬಟ್ಟೆ ಅದು, ಎಲ್ಲರೂ ಒಂದು ಸುತ್ತುತ್ತಾರೆ.

"ಮೂರನ್ನೂ ಸುತ್ಕೋ ಅಕ್ಕ. ಇಲ್ಲಾ ಅಂದ್ರೆ ನಿನ್ನ ಜಾಗದಲ್ಲಿ ಟಿಯೋಪಿಸ್ಟಾನ ಕೂರಿಸ್ತೀವಿ. ಅವ್ಳು ನೋಡೋಕಾದ್ರೂ ಆರೋಗ್ಯವಾಗಿದಾಳೆ."

ಟಿಯೋಪಿಸ್ಟಾ ಸೆಂಗಾನ ಚಿಕ್ಕಪ್ಪನ ಮಗಳು, ಕೂರಲು ಎರಡು ಕುರ್ಚಿ ಬೇಕು. ಹುಡುಗನ ಮುಖವನ್ನೇ ಕಂಡವಳಲ್ಲ. ಹೃದಯದ ಕಾಯಿಲೆ ಅಂತ ಸೆಂಗಾ ಇಪ್ಪತ್ತನೇ ಸಲ ಹೇಳಿದಳು. ಹೃದಯ ಕೆಟ್ಟವರು ಊದಿಕೊಳ್ತಾರೆ, ಬತ್ತಿಹೋಗಲ್ಲ ಅಂದಳು ಆ ಮಹಾತಾಯಿ. ಪ್ರಾಸಿಗಾಗಿ ಇವಳು ಒಪ್ಪಿದಳು. ನನಗಂತೂ ಆ ಬಟ್ಟೆಗೆ ಬೆಂಕಿ ಹಚ್ಚಬೇಕು ಅನ್ನಿಸಿತು.

ಹೆಣ್ಣು ಕೇಳುವ ದಿನ ಸುಡುಬಿಸಿಲು. ಮೂರು ಸುತ್ತು ಬಟ್ಟೆ, ಮೇಲೆ ಗೊಮೆಸಿ, ಬಂದವರಿಗೆಲ್ಲ ಮಂಡಿಯೂರಿ ಸ್ವಾಗತ. ಹತ್ತನೇ ಸಲ ಮಂಡಿಯೂರಿದಾಗ ಎದೆ ಹಾರಿತು, ಕಣ್ಣು ಕತ್ತಲಿಟ್ಟಿತು. ಹಿಂದಿನ ಕೋಣೆಗೆ ಕರೆದೊಯ್ದು ನಾನೇ ಬಟ್ಟೆ ಬಿಚ್ಚಿದೆ. ಮೂರೂ ಬೆವರಿಗೆ ತೊಪ್ಪೆಯಾಗಿದ್ದವು. ನೀರು ಕುಡಿದು ಗೋಡೆಗೆ ಒರಗಿ ಕೂತಳು.

ನಲುಬೋವ ಬಾಗಿಲಲ್ಲಿ ನಿಂತು ನೋಡಿದಳು. ಹೇಗಿದ್ದೀಯ ಅಂತ ಕೇಳಲಿಲ್ಲ. ಹೂವಿನ ತಟ್ಟೆ ಎತ್ತಿಕೊಂಡು ಹೋಗಿ ಟಿಯೋಪಿಸ್ಟಾಳ ಕೈಗೆ ಕೊಟ್ಟಳು.

ಟಿಯೋಪಿಸ್ಟಾ ಗಂಭೀರವಾಗಿ ನಡೆದು, ಗಂಡಿನವರ ಸಾಲಿನಲ್ಲಿ ಚೆನ್ನಾಗಿ ಕಂಡವನೊಬ್ಬನಿಗೆ ಹೂ ಚುಚ್ಚಿದಳು. ಅವನು ಹುಡುಗನ ಭಾವ, ಮೂರು ಮಕ್ಕಳ ತಂದೆ. ಡೇರೆ ಗೊಳ್ಳೆಂದಿತು. ಗಂಡಿನ ಕಡೆ ಮಾತಾಡುವ ಹಿರಿಯ ಮಾತ್ರ ನಗಲಿಲ್ಲ. ನಮ್ಮ ಹುಡುಗನನ್ನೇ ಅರಿಯದ ಸೆಂಗಾ ಯಾವ ಮನೆಯವಳು, ಎದ್ದು ಹೋಗಲೇ ಅಂದ. ಕಿಜಿಟೋ ಒಳಗೆ ಓಡಿದ.

ಒಳಗೆ ಸೆಂಗಾ ನಾಡಿಯ ಮೇಲೆ ಬೆರಳಿಟ್ಟುಕೊಂಡಿದ್ದಳು. ಬಡಿತ ಹದಕ್ಕೆ ಬಂದ ಮೇಲೆ ಮೆಲ್ಲಗೆ ಎದ್ದಳು. ಒಳಗೇನೂ ಸುತ್ತದ ಗೊಮೆಸಿ ಜೋತು ಬಿದ್ದಿತ್ತು. ಕಿಜಿಟೋ ಬಾಗಿಲಿಗೆ ಅಡ್ಡ ನಿಂತ.

"ಹಿಂಗೇ ಹೋಗ್ತೀಯಾ? ಜನ ಏನಂತಾರೆ?"

"ಹುಡುಗ ಯಾರೂಂತ ನಿಂಗೊತ್ತಿದ್ರೆ ನೀನೇ ಹೋಗಿ ಚುಚ್ಚು. ಇಲ್ಲಾ ಅಂದ್ರೆ ದಾರಿ ಬಿಡು."

ಬಿಟ್ಟ. ಅವಳು ಭಾವನ ಅಂಗಿಯಿಂದ ಹೂ ಕಿತ್ತು, ಮೂರನೇ ಸಾಲಿನಲ್ಲಿ ಮುದುರಿ ಕೂತಿದ್ದ ಹುಡುಗನಿಗೆ ಚುಚ್ಚಿದಳು. ಗಂಡಿನ ಕಡೆಯ ಮುದುಕಿಯೊಬ್ಬಳು ಎಲ್ಲರಿಗೂ ಕೇಳುವಂತೆ, ಏನಮ್ಮ ಕಾಯಿಲೆ ಅಂದಳು.

"ಹೃದಯದ್ದು. ತೂಕ ನಾನೇ ಇಳಿಸಿದ್ದು, ಯಾವ ರೋಗಾನೂ ತಿಂದಿದ್ದಲ್ಲ. ಇನ್ನೂ ಇಳಿಸ್ತೀನಿ."

ಮುದುಕಿ ಹೂಂ ಅಂದಳು. ನಂಬಿದಳೋ ಇಲ್ಲವೋ, ಮಾತು ಮುಂದುವರಿಯಿತು, ಹೆಣ್ಣು ಕೊಟ್ಟಾಯಿತು.

ಊಟದ ಹೊತ್ತಿಗೆ ನಲುಬೋವ ಬೇಕೆಂದೇ ಗುಡ್ಡದಷ್ಟು ಮಟೋಕೆ ತಂದು ಅವಳ ಮುಂದೆ ಬಡಿದು, ಇವತ್ತಾದರೂ ತಿಂದು ನಮ್ಮ ಮಾನ ಉಳಿಸು ಅಂದಳು. ಸೆಂಗಾ ಒಂದು ಹಿಡಿ ಮುರಿದುಕೊಂಡು, ಉಳಿದದ್ದನ್ನು ಟಿಯೋಪಿಸ್ಟಾಳ ಕಡೆ ತಳ್ಳಿದಳು. ತಮ್ಮನ ಮನೆಯವರು ಇವತ್ತಿಗೂ ಅವಳನ್ನು ಮಾತಾಡಿಸುವುದಿಲ್ಲ. ಪ್ರಾಸಿ ಮಾತ್ರ ಮದುವೆಯ ಗೊಮೆಸಿ ಹೊಲಿಸಲು ಅವಳ ಅಂಗಡಿಗೇ ಬಂದಿದ್ದಾಳೆ.