ಅಮಾವಾಸ್ಯೆಯ ಹೆಪ್ಪು

ಇಂದು ಮುಂಜಾನೆ ಸುಮಾ ತನ್ನ ಮಗುವಿಗೆಂದು ಒಂದು ಪುಡಿಯ ಪೊಟ್ಟಣ ಹರಿದಳು. ಹೊಟ್ಟೆ ಕೆಟ್ಟದ್ದಕ್ಕೆ ಡಾಕ್ಟರು ಕೊಟ್ಟದ್ದು.

"ಮೊಸರಿನಾಗ ಇರೂ ಅಂಥ ಜೀವ ಇದರಾಗ ಅದಾವಂತ, ದೊಡ್ಡವ್ವ. ಹೊಟ್ಟಿಗೆ ಚಲೋ ಮಾಡತಾವಂತ."

ಮೂಸಿ ನೋಡಿದೆ. ಏನೂ ವಾಸನೆಯಿಲ್ಲ. ಆದರೂ ನನ್ನ ಮೂಗಿಗೆ ಗೌರವ್ವನ ಮಜ್ಜಿಗೆ ಬಡಿಯಿತು.

ಸುಮಾ ನನ್ನ ತಂಗಿ ಶಾಂತಾಳ ಮಗಳು. ಶಾಂತಾ ತೀರಿಹೋಗಿ ತಿಂಗಳಾಯಿತು. ಅಂದಿನಿಂದ ಸಿಂದಗಿಯ ಅವಳ ಮನೆಯಲ್ಲೇ ಇದ್ದೇನೆ. ಅವಳು ಕೊನೆಗೆ ಹೆಪ್ಪು ಹಾಕಿದ ಮೊಸರಿನಿಂದಲೇ ದಿನವೂ ಹಾಲು ಹೆಪ್ಪಿಡುತ್ತೇನೆ. ಆ ಬಟ್ಟಲನ್ನು ಬೇರೆಯವರು ಮುಟ್ಟಿದರೆ ಸಿಡುಕುತ್ತೇನೆ. ಇಷ್ಟು ವಯಸ್ಸಾದವಳು ಮೊಸರಿಗೆ ಕಾವಲು ಕೂತಿದ್ದಾಳೆಂದು ನೀವು ನಗಬಹುದು. ಕೇಳಿ, ಆಮೇಲೆ ನಗಿರಿ.

ಎಪ್ಪತ್ತರ ದಶಕ. ನಾಲತವಾಡದಲ್ಲಿದ್ದೆವು. ನನಗೆ ಹತ್ತು, ಶಾಂತಾಳಿಗೆ ಒಂದು ವರ್ಷ. ಎರಡು ದಿನದಿಂದ ಅವಳಿಗೆ ಭೇದಿ. ಕುಡಿಸಿದಷ್ಟೂ ಹೋಗುತ್ತದೆಂದು ಅವ್ವ ಎದೆಹಾಲನ್ನೂ ನೀರನ್ನೂ ಗುಟುಕಿಗೆ ಇಳಿಸಿದ್ದಳು. ಆಗ ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತಿದ್ದರು. ಕೂಸು ಅತ್ತರೆ ಕಣ್ಣೀರು ಬರುತ್ತಿರಲಿಲ್ಲ. ಅಪ್ಪ ಮುದ್ದೇಬಿಹಾಳಕ್ಕೆ ಎತ್ತಿಕೊಂಡು ಹೋದ. ಡಾಕ್ಟರು ಬೈದರಂತೆ: "ಉಪಾಸ ಯಾಕ ಕೆಡವೀರಿ? ಮೊಲಿ ಕೊಡ್ರಿ. ಕಾಯಿಸಿದ ನೀರು, ತೆಳ್ಳನ ಮಜ್ಜಿಗಿ ಕೊಡ್ರಿ. ಸಂಜಿತನಕ ಉಚ್ಚಿ ಹೊಯ್ಯಲಿಲ್ಲಂದ್ರ ಮತ್ತ ತರ್ರಿ, ಸಲೈನ್ ಹಚ್ಚಬೇಕು."

ಗಾಬರಿಯಲ್ಲಿ ಅವ್ವ ಹೆಪ್ಪು ಹಾಕುವುದನ್ನೇ ಮರೆತಿದ್ದಳು. ಮೊಸರಿನ ಗಡಿಗೆ ಒಣಗಿತ್ತು. ನಾನು ತಂಬಿಗೆ ಹಿಡಿದು ಪಕ್ಕದ ಮನೆಯ ಗೌರವ್ವನಲ್ಲಿಗೆ ಓಡಿದೆ.

"ಇವತ್ತ ಅಮಾಸಿ," ಎಂದಳು ಆಕೆ. "ಮೊಸರು, ಮಜ್ಜಿಗಿ, ಹೆಪ್ಪು ಯಾವುದೂ ನಮ್ಮ ಹೊಸ್ತಿಲ ದಾಟೂದಿಲ್ಲ. ಒಮ್ಮೆ ಕೊಟ್ಟು ಎಮ್ಮಿ ಬತ್ತಿಸ್ಕೊಂಡೇನಿ."

ನಾನು ಅಲ್ಲಿಯೇ ನಿಂತೆ. ಬೇಡಿಕೊಳ್ಳುವುದು ಹೇಗೆಂದು ನನಗೆ ಆಗಲೂ ಗೊತ್ತಿರಲಿಲ್ಲ.

"ಏನ ಗೂಟದಂಗ ನಿಂತಿ? ಕೂಸಿನ್ನ ತರಾಕ ಹೇಳ ನಿಮ್ಮವ್ವಗ. ಮಜ್ಜಿಗಿ ಹೊರಗ ಹೋಗಬಾರದು. ಕೂಸು ಒಳಗ ಬರಬಾರದಂತ ಯಾರ ಹೇಳ್ಯಾರ?"

ಗೌರವ್ವ ತಲೆಗೆ ನೀರೆರೆದುಕೊಂಡು, ಪೂಜೆಗೆಂದು ಒಗೆದ ಸೀರೆ ಉಟ್ಟಿದ್ದಳು. ಅದರ ಮೇಲೆಯೇ ಕೂಸನ್ನು ಮಲಗಿಸಿಕೊಂಡು, ಸೋಸಿದ ಮಜ್ಜಿಗೆಯನ್ನು ಚಮಚದಲ್ಲಿ ಹನಿಸಿದಳು. ಮೊದಲ ಸಲ ಪೂರಾ ವಾಂತಿಯಾಯಿತು. ಅವ್ವ ಅಳತೊಡಗಿದಳು. "ಹೊರಗ ಹೋಗಿ ಅಳು," ಎಂದು ಗೌರವ್ವ ಸ್ವಲ್ಪ ತಡೆದು ಮತ್ತೆ ಹನಿಸಿದಳು. ಒಮ್ಮೆ ಮಜ್ಜಿಗೆ, ಒಮ್ಮೆ ಕಾಯಿಸಿ ಆರಿಸಿದ ನೀರು, ನಡುವೆ ಅವ್ವನ ಎದೆಹಾಲು. ಅಪ್ಪ ಬಸ್ಸಿನ ಹೊತ್ತು ನೋಡುತ್ತ ಅಂಗಳದಲ್ಲಿ ಓಡಾಡುತ್ತಿದ್ದ. ನಾನು ತಂಗಿಯ ಮುಖ ನೋಡಲಾರದೆ ಗೌರವ್ವನ ಸೀರೆಯ ಅಂಚನ್ನೇ ನೋಡುತ್ತಿದ್ದೆ.

ಹೊತ್ತು ಇಳಿಯುತ್ತಿತ್ತು. ಆ ಅಂಚಿನ ಬಣ್ಣ ಒಮ್ಮೆಲೇ ಗಾಢವಾಯಿತು.

"ಅಯ್ಯ, ಹಲ್ಕಟ್ ಹುಡುಗಿ! ಉಚ್ಚಿ ಹೊಯ್ದು ಅಮಾಸಿ ಸೀರಿ ಕೆಡಿಸಿದ್ಲು ನೋಡ್ರಿ!" ಎಂದು ಗೌರವ್ವ ಕೂಗಿದಳು. ಬೈಯುತ್ತಲೇ ಕಣ್ಣೊರೆಸಿಕೊಂಡಳು.

ಉಳಿಸಿದ್ದು ಮಜ್ಜಿಗೆಯೋ, ನೀರೋ, ಎದೆಹಾಲೋ, ಓದಿದವರು ಹೇಳಬೇಕು. ಮರುದಿನ ಗೌರವ್ವ ತಾನೇ ಹೆಪ್ಪು ತಂದುಕೊಟ್ಟಳು. ಶಾಂತಾ ಮದುವೆಯಾಗಿ ಬರುವಾಗ ಅದರಿಂದಲೇ ದಿನದಿನ ಮುಂದುವರಿದ ಹೆಪ್ಪನ್ನು ಡಬ್ಬಿಯಲ್ಲಿ ಸಿಂದಗಿಗೆ ತಂದಳು.

ಮಧ್ಯಾಹ್ನ ಸುಮಾ ಇಂಡಿಯ ತನ್ನ ಗಂಡನ ಮನೆಗೆ ಹೊರಟಳು. ಬಾಗಿಲಲ್ಲಿ ನಿಂತು, "ದೊಡ್ಡವ್ವ, ಅವ್ವನ ಹೆಪ್ಪು ಒಂದೀಟು ಕೊಡ್ತೀ?" ಎಂದಳು.

ಇವತ್ತು ಅಮಾವಾಸ್ಯೆ. ಕೊಡಲಾಗದೆಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳ ಹೆಗಲ ಮೇಲೆ ಮಗು ನನ್ನನ್ನೇ ನೋಡುತ್ತಿತ್ತು. ಒಳಗೆ ಹೋಗಿ ಬಟ್ಟಲಿನ ಅರ್ಧ ಮೊಸರನ್ನು ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು ಅವಳ ಕೈಗಿಟ್ಟೆ.

"ಹಾಲು ಉಗುರುಬೆಚ್ಚಗಿರಲಿ," ಎಂದೆ. "ನಂದು ಕೆಟ್ಟರ ನಿನ್ನ ಕಡೆ ಬರ್ತೇನಿ."