ಲೋಬಾನದ ಕೆಂಡ, ನೀರಿನ ಗ್ಯಾಸು

ಇಂಡಿ ಪಟ್ಟಣದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನನ್ನ ಗಂಡ ನೀರಿನಿಂದ ಗ್ಯಾಸು ತೆಗೆಯಲು ಶುರು ಮಾಡಿದ್ದರು. ಮೊಬೈಲಿನಲ್ಲಿ ನೋಡಿ ಕಲಿತದ್ದು. ಸೋಡಾ ಬೆರೆಸಿದ ನೀರಲ್ಲಿ ಸ್ಟೀಲಿನ ತಗಡು ಮುಳುಗಿಸಿ, ಟ್ರ್ಯಾಕ್ಟರಿನ ಬ್ಯಾಟರಿಗೆ ವೈರು ಜೋಡಿಸಿದರೆ ಗುಳ್ಳೆ ಏಳುತ್ತಿದ್ದವು. ಆ ಗ್ಯಾಸನ್ನು ಪೈಪಿನಿಂದ ಒಂದು ಕ್ಯಾನಿಗೆ ತುಂಬುತ್ತಿದ್ದರು. "ಮುಂದ ನಮ್ಮ ಗಾಡಿ ನೀರಿನ ಮ್ಯಾಲೆ ಓಡತೈತಿ ನೋಡು," ಅನ್ನುತ್ತಿದ್ದರು.

ಒಂದು ಸಂಜೆ ಬ್ಯಾಟರಿ ಬಿಚ್ಚುವುದನ್ನು ಮರೆತು ನಮಾಜಿಗೆ ಹೋದರು. ನಾನು ಕೋಣೆಗೆ ಇಣುಕಿದರೆ, ಪೈಪು ಕ್ಯಾನಿನಿಂದ ಕಳಚಿ ಬಿದ್ದಿತ್ತು. ಗುಳ್ಳೆ ಏಳುತ್ತಲೇ ಇದ್ದವು. ಆ ಗ್ಯಾಸಿಗೆ ವಾಸನೆಯಿಲ್ಲ, ಬಣ್ಣವಿಲ್ಲ; ಒಂದು ಕಿಡಿ ತಾಕಿದರೆ ಸಾಕು, ಸಿಡಿಯುತ್ತದೆ. ಕೋಣೆಯಲ್ಲಿ ಎಷ್ಟು ತುಂಬಿದೆಯೋ ತಿಳಿಯುವಂತಿರಲಿಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ ಲೋಬಾನದ ಘಮ ಬಂತು. ಅತ್ತೆ ಕೆಂಡದ ಬಟ್ಟಲು ಹಿಡಿದು ಕೋಣೆಕೋಣೆಗೂ ಹೊಗೆ ಹಾಕುತ್ತ ಬರುತ್ತಿದ್ದರು.

ಓಡಿಹೋಗಿ ಅವರ ರಟ್ಟೆ ಹಿಡಿದೆ.

"ಅತ್ತಿ, ಮುಂದ ಬರಬ್ಯಾಡ್ರಿ!"

"ಯಾಕ, ಏನಾತು?"

"ಹೊರಗ ನಡೀರಿ, ಆಮ್ಯಾಲೆ ಹೇಳ್ತೇನಿ."

ಅಂಗಳದಾಚೆ ಅವರನ್ನು ನಿಲ್ಲಿಸಿ ಕೆಂಡಕ್ಕೆ ನೀರು ಸುರಿದೆ. ಒಳಗೆ ಹೋಗಿ ವೈರು ಕೀಳಲು ಧೈರ್ಯವಾಗಲಿಲ್ಲ. ಕಿತ್ತರೆ ಕಿಡಿ ಹಾರುತ್ತದೆಂದು ಗಂಡನೇ ಹೇಳಿದ್ದರು. ನಮಾಜು ಮುಗಿಸಿ ಬಂದ ಗಂಡನಿಗೆ ವಿಷಯ ಹೇಳಿದೆ. ಹೊರಗಿನಿಂದಲೇ ಕಿಟಕಿ ತೆರೆದು, ಬಹಳ ಹೊತ್ತು ಕಾದು, ಆಮೇಲೆ ಒಳಗೆ ಹೋಗಿ ವೈರು ಬಿಚ್ಚಿದರು. ನಾನು ಅತ್ತೆಯ ಸೆರಗು ಹಿಡಿದು ನಿಂತಿದ್ದೆ. ಏನೂ ಆಗಲಿಲ್ಲ.

ಮರುದಿನ ಆ ಸಾಮಾನೆಲ್ಲ ಅವರೇ ಬಿಚ್ಚಿಹಾಕಿದರು. ಆದರೆ ಆ ಕೋಣೆಯಲ್ಲಿ ದೀಪದ ಸ್ವಿಚ್ಚು ಒತ್ತಲು ನನ್ನ ಬೆರಳು ಇವತ್ತಿಗೂ ಹಿಂಜರಿಯುತ್ತದೆ.