ಮಿಸ್ತ್ರಿ ಅಂದರೆ ಗೌಂಡಿಯಲ್ಲ

ನಮ್ಮ ರಾಯಚೂರು ಸೀಮೆಯಲ್ಲಿ ಕೈಯಲ್ಲಿ ಕಸುಬಿರುವ ಯಾರನ್ನು ಬೇಕಾದರೂ ಮಿಸ್ತ್ರಿ ಎನ್ನುತ್ತಾರೆ. ಬೋರ್‌ವೆಲ್ಲಿನಿಂದ ಮೋಟಾರು ಎತ್ತುವವನು ಮಿಸ್ತ್ರಿ, ಬಾಗಿಲು ಕೂಡಿಸುವವನು ಮಿಸ್ತ್ರಿ, ಬೈಕು ಬಿಚ್ಚುವವನೂ ಮಿಸ್ತ್ರಿ. ಈ ಪದದಲ್ಲಿ ದುಡಿಮೆಯ ಬಗ್ಗೆ ಏನೋ ಒಂದು ಗೌರವವಿದೆಯೆಂದು ನಾನು ಕಾಲೇಜಿನ ಚರ್ಚಾಸ್ಪರ್ಧೆಯೊಂದರಲ್ಲಿ ವಾದಿಸಿ ಬಹುಮಾನವನ್ನೂ ಪಡೆದಿದ್ದೆ. ದುಡಿಸಿಕೊಳ್ಳುವವರು ದುಡಿಮೆಯ ಹೆಸರನ್ನು ಕೇಳಿ ತಿಳಿದುಕೊಳ್ಳುವ ಶ್ರಮವನ್ನು ಉಳಿಸಿಕೊಳ್ಳಲು ಬಳಸುವ ಪದ ಇದು ಎಂಬ ಅರಿವು ನನಗಾದದ್ದು ಅಕ್ಕನ ಮಗನ ವೀಸಾದಿಂದ.

ಅಕ್ಕನ ಮನೆ ದೇವದುರ್ಗದಲ್ಲಿ. ಅವಳ ಗಂಡ ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುವ ಹಮಾಲನಾಗಿದ್ದ. ಮಗ ಅದೇ ಗಿರಣಿ ಸೇರಿ ಯಂತ್ರಗಳ ಕೆಲಸ ಕಲಿತ. ಭತ್ತ ಸುಲಿಯುವ ರೋಲರು, ಅಕ್ಕಿಗೆ ಹೊಳಪು ಕೊಡುವ ಪಾಲಿಶರು, ಕಾಳನ್ನು ಮೇಲಕ್ಕೊಯ್ಯುವ ಎಲಿವೇಟರು ಎಲ್ಲವನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಕೊಲ್ಲಿ ದೇಶದಲ್ಲಿ ಇಂಥ ಕೆಲಸಕ್ಕೆ ಬೆಲೆಯಿದೆಯೆಂದು ಕೇಳಿ ಹೊರಟಾಗ ಗಿರಣಿಯ ಸಾಹುಕಾರರು ಕೊಟ್ಟ ಅನುಭವ ಪತ್ರದಲ್ಲಿ "ನಮ್ಮಲ್ಲಿ ಮಿಸ್ತ್ರಿಯಾಗಿ ಕೆಲಸ ಮಾಡಿರುತ್ತಾನೆ" ಎಂಬ ಒಂದೇ ವಾಕ್ಯವಿತ್ತು. ರಾಯಚೂರಿನ ಏಜೆಂಟ್ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಮಿಸ್ತ್ರಿಯನ್ನು 'ಮೇಸನ್' ಮಾಡಿದ. ಅಂದರೆ ಗೋಡೆ ಕಟ್ಟುವ ಗೌಂಡಿ. ಜೀವನದಲ್ಲಿ ಒಮ್ಮೆಯೂ ಕರಣೆ ಹಿಡಿಯದ ಹುಡುಗ ವಿಮಾನ ಹತ್ತುವ ಹೊತ್ತಿಗೆ ಕುಶಲ ಗೌಂಡಿಯಾಗಿದ್ದ.

ಅಲ್ಲಿ ಅವನು ಕಟ್ಟಿದ ಮೊದಲ ಗೋಡೆಯನ್ನು ಅದೇ ದಿನ ಸಂಜೆ ಕೆಡವಿಸಿದರಂತೆ. ಎರಡನೆಯದನ್ನು ಕಟ್ಟುವ ಅವಕಾಶವನ್ನೇ ಕೊಡದೆ ಇಟ್ಟಿಗೆ ಸಾಗಿಸಲು ಹಚ್ಚಿದರು. ಹೀಗೇ ವರ್ಷಗಳು ಕಳೆದ ಮೇಲೆ ಒಂದು ದಿನ ಫೋನು ಬಂತು.

"ಮಾಮಾ, ಇಲ್ಲಿ ನಮ್ಮ ಕಂಪನೀದೇ ಒಂದು ದನದ ಫೀಡಿನ ಮಿಲ್ ಅದ. ಅಲ್ಲಿ ಮ್ಯಾನೇಜರ್ ನನ್ನ ಕೈಕೆಲಸ ನೋಡಿ, ಬಾ ಅನ್ನಾಕತ್ತಾನ. ಆದ್ರ ಅಕಾಮಾದಾಗ ಗೌಂಡಿ ಅಂತ ಅದ. ಗೌಂಡಿ ಆದಾವ ಮಿಷಿನ್ ಮುಟ್ಟಂಗಿಲ್ಲಂತ."

ಅಕಾಮಾ ಎಂದರೆ ಅಲ್ಲಿರಲು ಕೊಡುವ ಪರವಾನಗಿ. ಉದ್ಯೋಗ ಯಾವುದೆಂದು ಅದರಲ್ಲಿಯೇ ಬರೆದಿರುತ್ತದೆ.

"ಉದ್ಯೋಗ ಬದಲಿ ಮಾಡಿಸಾಕ ಬರಂಗಿಲ್ಲೇನು?" ಎಂದೆ.

"ಬರ್ತದ. ಪರೀಕ್ಷಾ ಇಡ್ತಾರ, ಅದಕ್ಕ ನಾನೇನ್ ಅಂಜಂಗಿಲ್ಲ. ಆದ್ರ ಮೊದಲ ನಮ್ಮ ಸಾವ್ಕಾರ್ರು ಮೆಕ್ಯಾನಿಕ್ ಅಂತ ಬರ್ಕೊಡಬೇಕು. ಮುಂದಿನ ತಿಂಗಳ ಅಕಾಮಾ ಮುಗಿತದ ಮಾಮಾ. ಅಷ್ಟ್ರಾಗ ಆಗ್ಲಿಲ್ಲಂದ್ರ ವಾಪಸ್ ಕಳಸ್ತಾರ. ಗೋಡಿ ಕಟ್ಟಾಕ ಬರದ ಗೌಂಡೀನ ಯಾರು ಇಟ್ಕೋತಾರ ಹೇಳು?"

ತಪ್ಪು ಎಲ್ಲಿ ಹುಟ್ಟಿತೋ ಅಲ್ಲಿಂದಲೇ ತಿದ್ದಬೇಕೆಂಬುದು ನನ್ನ ತತ್ವ. ಏಜೆಂಟನ ಬಳಿಗೆ ಹೋದೆ. ಗೋಡೆಯ ತುಂಬ ವಿಮಾನದ ಚಿತ್ರಗಳಿದ್ದ ಆ ಕೋಣೆಯಲ್ಲಿ ಅವನು ಹಲ್ಲಿಗೆ ಕಡ್ಡಿ ಹಾಕಿಕೊಂಡು ಕೂತಿದ್ದ.

ನನ್ನ ತಕರಾರು ಕೇಳಿ, "ಸರ್, ಮಿಸ್ತ್ರಿ ಅಂದ್ರ ಗೌಂಡಿನೇ ಅಲ್ಲೇನ್ರೀ? ನಮ್ಮ ಮನಿ ಕಟ್ಟಿದವಗೂ ಮಿಸ್ತ್ರಿನೇ ಅಂತೀವಿ" ಎಂದ.

"ನಿಮ್ಮ ಸ್ಕೂಟಿ ರಿಪೇರಿ ಮಾಡಾವಗ ಏನಂತೀರಿ?"

"ಅವಗೂ ಮಿಸ್ತ್ರಿನೇ."

"ಹಂಗಾದ್ರ ಅವನ ಕಡಿಂದ ಮನಿ ಕಟ್ಟಸ್ತೀರೇನು?"

ಅವನು ಕಡ್ಡಿ ತೆಗೆದು ನಕ್ಕ. "ನೀವು ಬಾಳ ಓದಿದೋರು ಸರ್. ಖರೇ ಹೇಳ್ಲೇನು? ಅವಾಗ ನಮ್ಮ ಹತ್ರ ಗೌಂಡಿ ವೀಸಾನೇ ಬಂದಿದ್ವು. ಕೂಡ್ಸಿ ಕಳಿಸಿದ್ವಿ. ಹೋಗೋದು ಮುಖ್ಯ ಅಲ್ಲೇನ್ರೀ?"

ಅಜ್ಞಾನವನ್ನು ನಾನು ಕ್ಷಮಿಸಬಲ್ಲೆ; ಅದಕ್ಕೆ ಔಷಧವಿದೆ. ಅಜ್ಞಾನದ ವೇಷ ತೊಟ್ಟ ಈ ಜಾಣತನಕ್ಕೆ ಏನು ಮಾಡುವುದು? ಮನುಷ್ಯನನ್ನು ಖಾಲಿ ಜಾಗಕ್ಕೆ ತುಂಬುವ ಸರಕೆಂದು ತಿಳಿದವನ ಜೊತೆ ವ್ಯಾಕರಣದ ಮಾತು ದಂಡವೆನಿಸಿ, ಮಾನ್ವಿಯ ಬಸ್ಸು ಹಿಡಿದೆ.

ಸಾಹುಕಾರರು ಗಾದಿಯ ಮೇಲೆ ಕೂತಿದ್ದರು. ಸುಳ್ಳು ಹೇಳಬಾರದು, ಉಪಚಾರ ಚೆನ್ನಾಗಿಯೇ ಆಯಿತು, ಚಹಾ ಬಂತು. ವಿಷಯ ಹೇಳಿದ ಮೇಲೆ ಅವರ ಮುಖದಲ್ಲಿ ನಿಜವಾದ ಬೆರಗು ಮೂಡಿತು.

"ಮೆಕ್ಯಾನಿಕ್? ನಮ್ಮ ಗಿರಣ್ಯಾಗ ಮೆಕ್ಯಾನಿಕ್ ಎಲ್ಲಿ ಅದಾನ್ರೀ? ನಮ್ಮಲ್ಲಿ ಇರೋರು ಮುನೀಮರು, ಮಿಸ್ತ್ರಿ, ಹಮಾಲರು. ಅವರಪ್ಪ ಇಲ್ಲೇ ಮೂಟಿ ಹೊತ್ತಾನ. ಮಗಗ ಮಿಸ್ತ್ರಿ ಅಂದಿದ್ದೇ ನಾನು, ಪ್ರೀತಿಲೆ."

"ಮಶಿನ್ ಕೆಟ್ರ ಯಾರು ರಿಪೇರಿ ಮಾಡ್ತಿದ್ರು?"

"ಅವನೇ."

"ಮಶಿನ್ ರಿಪೇರಿ ಮಾಡಾವಗ ಏನಂತಾರ್ರೀ?"

"ಮಿಸ್ತ್ರಿ ಅಂತಾರ!" ಎಂದು ಅವರು ತೊಡೆ ತಟ್ಟಿ ನಕ್ಕರು. ಮೂಲೆಯಲ್ಲಿ ಲೆಕ್ಕ ಬರೆಯುತ್ತಿದ್ದ ಮುನೀಮನೂ ನಗಬೇಕಾದಷ್ಟು ನಕ್ಕ. ಆಮೇಲೆ ಸಾಹುಕಾರರು ದನಿ ಇಳಿಸಿ, "ವಾಪಸ್ ಬಂದ್ರ ಬರಲಿ ಬಿಡ್ರಿ. ಅವ ಹೋದಾಗಿಂದ ನಮ್ಮ ಪಾಲಿಶರ್ ಗುರ್‌ಗುರ್ ಅನ್ನಾಕತ್ತದ. ಅವನ ಜಾಗಾ ಇಲ್ಲೇ ಅದ" ಎಂದರು.

ಪತ್ರ ಏಕೆ ಸಿಗುವುದಿಲ್ಲವೆಂಬುದು ಆಗ ಸ್ಪಷ್ಟವಾಯಿತು. ಹುಡುಗ ಅಲ್ಲಿ ಸೋತರೆ ಇವರಿಗೆ ಇಲ್ಲಿ ಲಾಭ.

"ಅವ ಮೆಕ್ಯಾನಿಕ್ ಅಲ್ಲಂದ್ರ ಪಾಲಿಶರ್ ಸಲುವಾಗಿ ಅವನೇ ಯಾಕ ಬೇಕ್ರೀ ನಿಮಗ?"

"ಗೆದ್ರಿ ಸರ್, ಗೆದ್ರಿ! ಕಾಲೇಜಿನ್ಯಾಗ ಮಾತಾಡಿ ಕಪ್ ಗೆದ್ದೀರಂತ ನಿಮ್ಮ ಅಳಿಯ ಹೇಳ್ತಿದ್ದ, ಸುಮ್ಮನ ಕೊಟ್ಟಿಲ್ಲ ಬಿಡ್ರಿ. ಆದ್ರ ಸಹಿ ಮಾಡೋ ಪೆನ್ನು ನನ್ನ ಕಿಸೇದಾಗ ಅದ."

ವಾದದಲ್ಲಿ ಗೆದ್ದವನಿಗೆ ತೀರ್ಪು ಸಿಗಬೇಕೆಂಬ ನಿಯಮ ವೇದಿಕೆಯ ಆಚೆ ಎಲ್ಲಿಯೂ ಇಲ್ಲ. ಎದ್ದು ನಿಂತಾಗ ಅವರೇ ತಡೆದರು. "ಕುಂದ್ರಿ. ಈ ಭಾನುವಾರ ನನಗೊಂದು ಸನ್ಮಾನ ಇಟ್ಕೊಂಡಾರ. ಛಲೋ ಮಾತಾಡೋರು ಸಿಗವಲ್ರು. ನೀವು ಬಂದು ನನ್ನ ಬಗ್ಗೆ ನಾಕು ಮಾತು ಹೇಳ್ರಿ. ಆಮ್ಯಾಲ ನೋಡೋಣು."

ಇಂಥ ಸನ್ಮಾನಗಳನ್ನು ನಾನು ಬಲ್ಲೆ. ಹಾರ, ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲವನ್ನೂ ಸನ್ಮಾನಿತರೇ ಮೊದಲೇ ಕಳಿಸಿಕೊಟ್ಟಿರುತ್ತಾರೆ. ವೇದಿಕೆಯ ಮೇಲೆ ಅವು ತಿರುಗಿ ಬಂದಾಗ ಕಣ್ಣೊರೆಸಿಕೊಳ್ಳುತ್ತಾರೆ. ಆ ಭಾನುವಾರ ಕಲ್ಯಾಣ ಮಂಟಪದಲ್ಲಿ ಸಾಹುಕಾರರನ್ನು ಒಬ್ಬರು ಕರ್ಣನೆಂದರು, ಇನ್ನೊಬ್ಬರು ಕಲ್ಪವೃಕ್ಷವೆಂದರು. ಹಿಂದಿನ ಸಾಲುಗಳಲ್ಲಿ ಗಿರಣಿಯ ಹಮಾಲರನ್ನು ಚಪ್ಪಾಳೆಗಾಗಿ ತಂದು ಕೂಡಿಸಿದ್ದರು. ನನ್ನ ಸರದಿ ಬಂದಾಗ ನಾನು ಅವರನ್ನು ಹೊಗಳಿದೆ. ಒಂದೊಂದು ಪದವನ್ನೂ ಅಳೆದು ಹೊಗಳಿದೆ.

"ದಾನ ಮಾಡುವವರು ಬಹಳ ಜನರಿದ್ದಾರೆ. ಆದರೆ ಹಮಾಲನ ಮಗನೊಬ್ಬನನ್ನು ತಮ್ಮ ಗಿರಣಿಯಲ್ಲಿ ಮೆಕ್ಯಾನಿಕ್ ಆಗಿ ಬೆಳೆಸಿ, ಪರದೇಶದ ಗಿರಣಿಯೊಂದು ಅವನನ್ನು ಬಾ ಎಂದು ಕರೆಯುವಂತೆ ಮಾಡಿದವರು ಮಾನ್ವಿಯಲ್ಲಿ ಇವರೊಬ್ಬರೇ. ಆ ಹುಡುಗನಿಗೆ ಮೆಕ್ಯಾನಿಕ್ ಎಂಬ ಪ್ರಮಾಣಪತ್ರವನ್ನು ಸಾಹುಕಾರರು ನಾಳೆ ತಮ್ಮ ಕೈಯಾರೆ ಕೊಡಲಿದ್ದಾರೆ."

ಹಿಂದಿನ ಸಾಲುಗಳಿಂದ ಎದ್ದ ಚಪ್ಪಾಳೆ ಆ ದಿನ ಕೂಲಿಗಾಗಿ ತಟ್ಟದ ಏಕೈಕ ಚಪ್ಪಾಳೆಯಾಗಿತ್ತು. ಯಾರೋ ಸಿಳ್ಳೆಯನ್ನೂ ಹಾಕಿದರು. ಪೇಟದ ಕೆಳಗಿನ ಮುಖ ಒಂದು ಕ್ಷಣ ಗೊಂದಲಕ್ಕೆ ಬಿತ್ತು, ಆಮೇಲೆ ಹಿಗ್ಗಿತು. ಕೈಜೋಡಿಸಿ ನಾಲ್ಕೂ ದಿಕ್ಕಿಗೆ ನಮಸ್ಕರಿಸಿದರು.

ಮರುದಿನ ನಾನು ಹೋಗುವ ಮೊದಲೇ ಲೆಟರ್‌ಹೆಡ್ ಮೇಜಿನ ಮೇಲಿತ್ತು. ಮೋಸವಾಯಿತೆಂದು ಸಿಟ್ಟಾಗಿರಬಹುದು ಎಂದುಕೊಂಡಿದ್ದೆ. ಆ ಮಟ್ಟದ ಸ್ವಾಭಿಮಾನವನ್ನು ಅವರಲ್ಲಿ ಊಹಿಸಿದ್ದೇ ನನ್ನ ಔದಾರ್ಯ. ರಾತ್ರಿ ಬೆಳಗಾಗುವಷ್ಟರಲ್ಲಿ ಅವರು ನನ್ನ ಭಾಷಣವನ್ನು ಪೂರ್ತಿ ನಂಬಿಬಿಟ್ಟಿದ್ದರು.

"ಸಾದಾ ಮೆಕ್ಯಾನಿಕ್ ಯಾಕ್ರೀ ಸರ್? ನನ್ನ ಕೈಯಾಗ ತಯಾರಾದಾವ. ಚೀಫ್ ಇಂಜಿನಿಯರ್ ಅಂತ ಹಾಕೋಣೇನು?"

"ಬ್ಯಾಡ್ರೀ. ಪರೀಕ್ಷಾದಾಗ ಸಿಕ್ಕೊಂಡು ಬೀಳ್ತಾನ."

"ಹೋಗ್ಲಿ, ಹೆಡ್ ಮೆಕ್ಯಾನಿಕ್?"

"ಮೆಕ್ಯಾನಿಕ್ ಅಷ್ಟೇ ಸಾಕ್ರೀ. ಖರೇ ಎಷ್ಟದ ಅಷ್ಟು ಬರೀರಿ."

"ನೀವು ಬಾಳ ಜಿಪುಣರು ಬಿಡ್ರಿ" ಎಂದು ಅವರು ಬೇಸರದಿಂದಲೇ ಸಹಿ ಹಾಕಿದರು. ಅಲ್ಲಿಯವರೆಗೆ ಒಬ್ಬ ಮನುಷ್ಯನಿಗೆ ಅವನ ಕೆಲಸದ ಹೆಸರನ್ನು ಕೊಡಲು ಒಪ್ಪದಿದ್ದವರು, ಈಗ ಇಲ್ಲದ ಹೆಸರನ್ನು ಹಂಚಲು ಹಟ ಹಿಡಿದಿದ್ದರು. ಎರಡರಲ್ಲಿಯೂ ಆ ಮನುಷ್ಯ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಪತ್ರವನ್ನು ಅಲ್ಲಿಯೇ ನಿಂತು ಓದಿ, ಫೋಟೋ ತೆಗೆದು ಕಳಿಸಿ, ಚಹಾ ಬರುವ ಮೊದಲು ಹೊರಬಿದ್ದೆ.

ಅಕಾಮಾ ಮುಗಿಯುವ ಮುನ್ನ ಹುಡುಗ ಪರೀಕ್ಷೆಯಲ್ಲಿ ಪಾಸಾದ, ಉದ್ಯೋಗ ಬದಲಾಯಿತು. ಸುದ್ದಿ ಹೇಳಲು ಫೋನು ಮಾಡಿದಾಗ ನಾನು ಊರಿಗೆ ಮರಳುವ ಬಸ್ಸಿನಲ್ಲಿದ್ದೆ. ಅವನ ಹಿಂದೆ ಯಂತ್ರವೊಂದರ ಸದ್ದು ಕೇಳುತ್ತಿತ್ತು.

"ಮಾಮಾ, ಸಾವ್ಕಾರ್ರು ದೊಡ್ಡ ಮನಸು ಮಾಡಿದ್ರು ನೋಡು. ಅವರಿಗ ನನ್ನ ಶರಣು ಹೇಳು, ಮರೀಬ್ಯಾಡ."

ಹ್ಞೂಂ ಎಂದೆ. ಆಮೇಲೆ ಮಾನ್ವಿಗೆ ಹಲವು ಸಲ ಹೋಗಿದ್ದೇನೆ, ಗಿರಣಿಯ ಮುಂದೆಯೇ ಹಾದಿದ್ದೇನೆ. ಆ ಶರಣನ್ನು ಇಂದಿಗೂ ಮುಟ್ಟಿಸಿಲ್ಲ.